ಒಡೆಯಿತು, ಮುರಿಯಿತು, ಹರಿಯಿತು

ಪದವಿ ತರಗತಿಗೆ ಸೇರಿದ ಮೊದಲ ವರ್ಷ ನಾನು ಮಾಡಿದ ಒಂದು ಭಾಷಾಂತರವನ್ನು ನಮ್ಮ ಇಂಗ್ಲಿಷ್ ಅಧ್ಯಾಪಕರು ಇಡೀ ತರಗತಿಗೆ ಓದಿ ಹೇಳಿದರು. ಹೊಗಳುವುದಕ್ಕಲ್ಲ. 'ಬೇಲಿಯ ಮುಳ್ಳಿಗೆ ಸಿಕ್ಕಿ ಅಂಗಿ ಹರಿಯಿತು' ಎಂಬಲ್ಲಿ ನಾನು ಅಂಗಿಗೆ 'ಬ್ರೇಕ್' ಎಂಬ ಪದವನ್ನು ಹಚ್ಚಿದ್ದೆ. "ನಿನ್ನ ಅಂಗಿಯನ್ನು ಗಾಜಿನಿಂದ ಮಾಡಿದ್ದಾರೇನಯ್ಯಾ?" ಎಂದು ಅವರು ಕೇಳಿದಾಗ ಹಿಂದಿನ ಬೆಂಚಿನವರೂ ಎಚ್ಚತ್ತು ನಕ್ಕರು. ನಗು ಅಡಗಿದ ಮೇಲೆ ನನಗೊಂದು ಸಂಶಯ ಉಳಿಯಿತು. ಹಗ್ಗ ಹರಿದರೆ ಇಂಗ್ಲಿಷಿನಲ್ಲಿ ಬ್ರೇಕ್. ಕೋಲು ಮುರಿದರೂ ಬ್ರೇಕ್. ಮಡಕೆ ಒಡೆದರೂ ಬ್ರೇಕ್. ಬಡ ಅಂಗಿ ಮಾತ್ರ ಏನು ಪಾಪ ಮಾಡಿತ್ತು?

ಅಂದಿನಿಂದ ಈ ಪದಗಳ ಮೇಲೆ ಒಂದು ಕಣ್ಣಿಟ್ಟಿದ್ದೇನೆ. ಕನ್ನಡವು ಕೆಟ್ಟ ವಸ್ತು ಯಾವುದೆಂದು ಮೊದಲು ನೋಡುತ್ತದೆ. ಗಡುಸಾಗಿ ಉದ್ದನೆಯದಾದರೆ ಮುರಿಯುತ್ತದೆ: ಕೋಲು, ಮೂಳೆ, ರೆಂಬೆ. ಬಳುಕುವಂಥದಾದರೆ ಹರಿಯುತ್ತದೆ: ಬಟ್ಟೆ, ಕಾಗದ, ಹಗ್ಗ. ಒಳಗೆ ಏನನ್ನಾದರೂ ಹಿಡಿದುಕೊಂಡಿರುವುದು ಒಡೆಯುತ್ತದೆ: ಮಡಕೆ, ತೆಂಗಿನಕಾಯಿ, ಕೆರೆಯ ಕಟ್ಟೆ, ಕೊನೆಗೆ ಗುಟ್ಟು. ಸೌದೆಯನ್ನು ಸೀಳುತ್ತೇವೆ. ಇಷ್ಟನ್ನೂ ನಮ್ಮ ಊರಿನ ನಾಲ್ಕು ವರ್ಷದ ಮಗು ತಪ್ಪಿಲ್ಲದೆ ಆಡುತ್ತದೆ. ಇಂಗ್ಲಿಷು ಬಡಭಾಷೆಯೆಂದು ಇದರಿಂದ ಯಾರೂ ಹಿಗ್ಗಬೇಕಾಗಿಲ್ಲ. ಅದು ವಸ್ತುವಿಗಿಂತ ಹೆಚ್ಚಾಗಿ ರೀತಿಯನ್ನು ನೋಡುತ್ತದೆ. ಬಿರುಕು ಬಿಟ್ಟೂ ಒಂದಾಗಿ ನಿಂತರೆ ಕ್ರ್ಯಾಕ್, ಫಟ್ಟನೆ ಎರಡಾದರೆ ಸ್ನ್ಯಾಪ್, ಚೂರುಚೂರಾದರೆ ಷ್ಯಾಟರ್. ವೈದ್ಯರ ಕೈಗೆ ಸಿಕ್ಕಿದ ಮೂಳೆ ಮಾತ್ರ ಲ್ಯಾಟಿನಿನ ಕೋಟು ತೊಟ್ಟು ಫ್ರ್ಯಾಕ್ಚರ್ ಆಗುತ್ತದೆ. ನೋವು ಎರಡರಲ್ಲಿಯೂ ಅಷ್ಟೇ.

ಒಡೆಯುವುದೆಲ್ಲ ಕೇಡೂ ಅಲ್ಲ. ಬೀಜ ಮೊಳಕೆಯೊಡೆಯುತ್ತದೆ, ಮರ ಚಿಗುರೊಡೆಯುತ್ತದೆ. ಇಂಗ್ಲಿಷರ ಹಗಲು ಬ್ರೇಕ್ ಆದರೆ ನಮಗೆ ಬೆಳಕು ಹರಿಯುತ್ತದೆ. (ಈ ಹರಿಯುವುದು ಬಟ್ಟೆಯಂತೆಯೋ ನೀರಿನಂತೆಯೋ, ಪಂಡಿತರು ತೀರ್ಮಾನಿಸಲಿ.) ಆದರೆ ಪತ್ರಿಕೆಗಳಲ್ಲಿ 'ಮೌನ ಮುರಿದ ಸಚಿವರು' ಎಂದು ಓದುವಾಗ ನನಗೆ ಸಚಿವರ ಕೈಯಲ್ಲಿ ಒಂದು ಕಬ್ಬಿನ ಜಲ್ಲೆ ಕಾಣಿಸುತ್ತದೆ. ಬಾಯಿ ಬಿಟ್ಟರು ಎಂದರೆ ಆಗದೆ?

ಇಲ್ಲಿಯವರೆಗೆ ವಿನೋದ. ನನ್ನ ಆಕ್ಷೇಪಣೆ ಇರುವುದು ನೋವನ್ನು ಮುಚ್ಚುವ ಅಚ್ಚುಕಟ್ಟಾದ ಪದಗಳ ಬಗ್ಗೆ. ಜೀವಕಣವೊಂದು ಸದ್ದಿಲ್ಲದೆ ಎರಡಾಗುವುದಕ್ಕೆ ಜೀವಶಾಸ್ತ್ರಜ್ಞರು 'ಫಿಷನ್' ಎನ್ನುತ್ತಿದ್ದರು. 1939ರಲ್ಲಿ ಲೀಸ ಮೈಟ್ನರ್ ಮತ್ತು ಆಟೊ ಫ್ರಿಷ್ ಅವರು ಯುರೇನಿಯಂ ಪರಮಾಣುವಿನ ಬೀಜ ಒಡೆಯುವುದಕ್ಕೆ ಅದೇ ಹೆಸರನ್ನು ಕಡ ತಂದರು. ಒಂದು ಜೀವ ಎರಡು ಜೀವವಾಗುವ ಮಾತು ಏಳು ವರ್ಷದೊಳಗೆ ಹಿರೋಷಿಮಾದ ಮಾತಾಯಿತು. ಪದ ಮಾತ್ರ ಮೊದಲಿನಷ್ಟೇ ತಣ್ಣಗಿತ್ತು.

'ಪಾರ್ಟಿಷನ್' ಎಂಬುದೂ ಇದೇ ಜಾತಿಯದು. ಕಚೇರಿಯಲ್ಲಿ ಇಬ್ಬರು ಗುಮಾಸ್ತರ ನಡುವೆ ನಿಲ್ಲಿಸುವ ಹಲಗೆಯ ಅಡ್ಡಗೋಡೆಗೂ ಅದೇ ಹೆಸರು. 1905ರ ಬಂಗಾಳಕ್ಕೂ 1947ರ ಭಾರತಕ್ಕೂ ಅದೇ ಹೆಸರು. ಸರ್ ಸಿರಿಲ್ ರ್‍ಯಾಡ್‌ಕ್ಲಿಫ್ ಅದಕ್ಕೆ ಮೊದಲು ಈ ದೇಶವನ್ನು ಕಂಡವರಲ್ಲ. 1947ರ ಜುಲೈ 8ರಂದು ಬಂದರು. ಅವರು ಎಳೆದ ಗೆರೆ ಆಗಸ್ಟ್ 17ರಂದು ಪ್ರಕಟವಾಯಿತು. ಹಳ್ಳಿ ಬಿಟ್ಟು ಓಡಿದವರನ್ನು, ದಾರಿಯಲ್ಲೇ ಸತ್ತವರನ್ನು ಆ ಪದದೊಳಗೆ ಎಷ್ಟು ಹುಡುಕಿದರೂ ಸಿಕ್ಕುವುದಿಲ್ಲ. ನಮ್ಮ 'ವಿಭಜನೆ'ಯಲ್ಲಿಯೂ ಸಿಕ್ಕುವುದಿಲ್ಲವೆನ್ನಿ. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಚೆದರಿದ್ದ ಕನ್ನಡನಾಡನ್ನು ನಮ್ಮ ಹಿರಿಯರು 'ಹರಿದು ಹಂಚಿಹೋಗಿದೆ' ಎನ್ನುತ್ತಿದ್ದರು. ಬಟ್ಟೆಯ ಮಾತು ಅದು. ಕೇಳಿದವನಿಗೆ ಸೂಜಿ ದಾರ ನೆನಪಾಗಬೇಕು. 1956ರ ನವೆಂಬರ್ 1ರವರೆಗೂ ಅವರು ಆ ಮಾತನ್ನು ಬಿಡಲಿಲ್ಲ.

ದೇಶದ ಮಾತು ದೊಡ್ಡದಾಯಿತು. ನಮ್ಮ ಮನೆಯ ಮಾತಿಗೆ ಬರುತ್ತೇನೆ. ನಾನು ಪಿ.ಯು.ಸಿ. ಓದುತ್ತಿದ್ದಾಗ ನಮ್ಮಲ್ಲಿ ಪಾಲಾಯಿತು. ದೊಡ್ಡಪ್ಪ ಪೇಟೆಯಲ್ಲಿ ಎದುರಾದವರಿಗೆಲ್ಲ "ಪಾರ್ಟಿಷನ್ ಆಯಿತು" ಎಂದು, ಹೊಸ ವಾಚು ಕೊಂಡವರಂತೆ ಹೇಳುತ್ತಿದ್ದರು. ಅಜ್ಜಿಯ ಬಾಯಲ್ಲಿ ಆ ಪದ ಒಮ್ಮೆಯೂ ಬರಲಿಲ್ಲ. "ಮಕ್ಕಳು ಬೇರೆ ಒಲೆ ಹೂಡಿದರು" ಎನ್ನುತ್ತಿದ್ದಳು. ಅಷ್ಟರಲ್ಲಿ ಎಲ್ಲ ಇತ್ತು: ಒಂದು ಸೂರಿನಡಿ ಎರಡು ಹೊಗೆ, ಹಬ್ಬದ ದಿನ ಯಾವ ಒಲೆಯ ಮುಂದೆ ಕೂರಬೇಕೆಂದು ತಿಳಿಯದ ಮುದುಕಿ.

ಅತ್ತೆಯ ಸಂಗತಿ ಬೇರೆ. ಹಿಂದೂ ಕಾನೂನು ಒಟ್ಟು ಕುಟುಂಬದ ಹಕ್ಕುದಾರರನ್ನು 'ಕೋಪಾರ್ಸನರ್' ಎಂದು ಕರೆಯುತ್ತದೆ. 'ಪಾರ್ಟ್‌ನರ್' ಎಂಬ ಸ್ನೇಹದ ಪದ ಹುಟ್ಟಿದ್ದೂ ಆ 'ಪಾರ್ಸನರ್' ಎಂಬುದರಿಂದಲೇ. ಪಾಲು ಉಳ್ಳವನು ಎಂದರ್ಥ. ನಮ್ಮ ರಾಜ್ಯದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಹೆಣ್ಣುಮಕ್ಕಳೂ ಆ ಹೆಸರಿನೊಳಗೆ ಬಂದರು. ಆದರೂ ಉಪನೋಂದಣಿ ಕಚೇರಿಯಲ್ಲಿ ಅಪ್ಪ ದೊಡ್ಡಪ್ಪಂದಿರಿಗೆ ಒಂದು ಪತ್ರ, ಅತ್ತೆಗೆ ಇನ್ನೊಂದು ಪತ್ರ ಸಿದ್ಧವಾಗಿತ್ತು. ತವರಿನ ದಾರಿ ಮುಚ್ಚಬಾರದೆಂದು ಅತ್ತೆ ಕೇಳಿದ ಕಡೆಯಲ್ಲೆಲ್ಲ ಹೆಬ್ಬೆಟ್ಟು ಒತ್ತಿದರು. ಯಾರೂ ಗದರಿಸಲಿಲ್ಲ, ಎಲ್ಲರೂ ಬಹಳ ಮರ್ಯಾದೆಯಿಂದಲೇ ನಡೆದುಕೊಂಡರು. ನಮ್ಮ ತಂದೆಯವರೂ ಅಲ್ಲಿದ್ದರು, ನಾನೂ ಇದ್ದೆ.

ಹೊರಗೆ ಹೊಂಗೆಯ ಮರದ ನೆರಳಿನಲ್ಲಿ ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವರು ನನ್ನನ್ನು ಕೇಳಿದರು: "ನೀನು ಓದಿದವನು. ಆ ಪತ್ರಕ್ಕೆ ಏನಪ್ಪಾ ಹೆಸರು?"

"ಹಕ್ಕು ಬಿಡುಗಡೆ ಪತ್ರ ಅಂತ, ಅತ್ತೆ."

"ಬಿಡುಗಡೆಯೇ? ಯಾರಿಗೆ?"

ನಾನು ಸುಮ್ಮನಿದ್ದೆ. ಅತ್ತೆ ಐದು ಗಂಟೆಯ ಬಸ್ಸು ತಪ್ಪುತ್ತದೆಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು.