ಹಗುರ ದೋಣಿಗೆ ಅಚ್ಚಿನ ಹಂಗೇಕೆ?

ಖಾನಾಪುರದ ಕಾಡಿನಲ್ಲಿ ಹುಟ್ಟಿ ಗೋವಾ ಸೇರುವ ಮಹದಾಯಿ ಕನ್ನಡಿಗರಿಗೆ ಪರಿಚಿತವಾಗಿರುವುದು ನೀರಿನ ವ್ಯಾಜ್ಯದಿಂದ. ಆ ನದಿಯ ಹೆಸರಿನ ಹಾಯಿಹಡಗೊಂದು ಜಗತ್ತನ್ನೇ ಸುತ್ತಿ ಬಂದ ಸಂಗತಿ ಗೊತ್ತಿರುವವರು ಕಡಿಮೆ. ಗೋವಾದ ದಿವಾರ್ ದ್ವೀಪದ ಒಂದು ಸಣ್ಣ ಯಾರ್ಡ್‌ನಲ್ಲಿ ತಯಾರಾದ, 56 ಅಡಿ ಉದ್ದದ 'ಮ್ಹಾದೇಯಿ' 2009ರಲ್ಲಿ ನೌಕಾಪಡೆ ಸೇರಿತು. ಅದೇ ಹಡಗಿನಲ್ಲಿ ಅಭಿಲಾಷ್ ಟೋಮಿ ಒಬ್ಬರೇ, ಎಲ್ಲೂ ನಿಲ್ಲದೆ, 2013ರ ಮಾರ್ಚ್ ಹೊತ್ತಿಗೆ ಭೂಪ್ರದಕ್ಷಿಣೆ ಮುಗಿಸಿದರು. ಅದೇ ಯಾರ್ಡ್ ಕಟ್ಟಿದ 'ತಾರಿಣಿ'ಯಲ್ಲಿ ನೌಕಾಪಡೆಯ ಮಹಿಳೆಯರು ಎರಡು ಬಾರಿ ಜಗತ್ತು ಸುತ್ತಿದರು.

ಈ ಹಡಗುಗಳ ಒಡಲು ಉಕ್ಕಿನದಲ್ಲ. ಮರದ ತೆಳು ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿ, ಒಳಗೂ ಹೊರಗೂ ಫೈಬರ್ ಗ್ಲಾಸ್ ಹೊದಿಸಿದ್ದು. ಮರದ ತಿರುಳಿನ ಜಾಗದಲ್ಲಿ ಗಟ್ಟಿ ಫೋಮ್ ಇಟ್ಟರೆ ಒಡಲು ಇನ್ನೂ ಹಗುರವಾಗುತ್ತದೆ. ನಮ್ಮ ಕರಾವಳಿಯ ಸಣ್ಣ ಯಾರ್ಡ್‌ಗಳು ಕಲಿಯಬೇಕಾದ ವಿದ್ಯೆ ಇದು.

ಹೊಸದೇನಲ್ಲ. ಬ್ರಿಟನ್ನಿನ ಡೆರೆಕ್ ಕೆಲ್ಸಾಲ್ ಫೋಮ್ ತಿರುಳಿನಿಂದ ಕಟ್ಟಿದ 'ಟೋರಿಯಾ' ಎಂಬ ಮೂರು ಒಡಲಿನ ಹಾಯಿದೋಣಿ 1966ರಲ್ಲೇ ಬ್ರಿಟನ್ ಸುತ್ತುವ ಸ್ಪರ್ಧೆಯನ್ನು ಗೆದ್ದಿತ್ತು. ನ್ಯೂಜಿಲೆಂಡ್ ಮೂಲದ ವಿನ್ಯಾಸಕಾರ ಇಯಾನ್ ಫ್ಯಾರಿಯರ್ ಫೋಮ್ ಪಟ್ಟಿಗಳನ್ನು ಲಂಬವಾಗಿ ಜೋಡಿಸುವ ಕ್ರಮವನ್ನು ತಮ್ಮ ನಕ್ಷೆಗಳ ಜೊತೆಯಲ್ಲೇ ವಿವರಿಸಿದರು. ಮನೆಯ ಶೆಡ್ಡಿನಲ್ಲಿ ದೋಣಿ ಕಟ್ಟುವವರು ಅದನ್ನು ನಂಬಿ ಕೆಲಸಕ್ಕಿಳಿದರು.

ಕ್ರಮ ಹೀಗೆ. ದೋಣಿಯ ಅಡ್ಡಕೊಯ್ತದ ಆಕಾರದಲ್ಲಿ ಹಲಗೆಗಳನ್ನು ಕತ್ತರಿಸಿ, ಅಳತೆಯ ಅಂತರದಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಅವುಗಳ ಮೇಲೆ ಉದ್ದಕ್ಕೆ ಮರದ ರೀಪುಗಳನ್ನು ಹೊಡೆದರೆ ಅರ್ಧ ದೋಣಿಯ ಅಸ್ಥಿಪಂಜರ ಸಿದ್ಧ. ಫೋಮ್ ಹಾಳೆಯನ್ನು ಪಟ್ಟಿಗಳಾಗಿ ಸೀಳಿ ಈ ರೀಪುಗಳ ಮೇಲೆ ಕೂರಿಸಿ, ಹಿಂದಿನಿಂದ ಸ್ಕ್ರೂ ಬಿಗಿದು, ಸಂದುಗಳಿಗೆ ಎಪಾಕ್ಸಿ ಅಂಟು ತುಂಬುತ್ತಾರೆ. ತಿರುವು ಹೆಚ್ಚಿರುವ ಕಡೆ ಬಿಸಿಗಾಳಿ ಹಾಯಿಸಿದರೆ ಪಟ್ಟಿ ಬಾಗುತ್ತದೆ. ಮೇಲ್ಮೈಯನ್ನು ಉಜ್ಜಿ ನಯಮಾಡಿ, ಗಾಜಿನ ನಾರಿನ ಬಟ್ಟೆ ಹಾಸಿ ಎಪಾಕ್ಸಿ ಉಣಿಸುತ್ತಾರೆ. ಅದು ಗಟ್ಟಿಯಾದ ಮೇಲೆ ಸ್ಕ್ರೂ ಬಿಚ್ಚಿ, ಒಡಲನ್ನು ಎತ್ತಿ ಒಳಗೂ ಅದೇ ಹೊದಿಕೆ. ಎರಡು ಅರ್ಧಗಳನ್ನು ಕೂಡಿಸಿದರೆ ಒಡಲು ಪೂರ್ಣ.

ಇಲ್ಲಿ ದುಬಾರಿ ಅಚ್ಚಿಲ್ಲ ಎಂಬುದೇ ದೊಡ್ಡ ಮಾತು. ಮಾಮೂಲಿ ಫೈಬರ್ ದೋಣಿಗೆ ಮೊದಲು ಪೂರ್ಣ ಗಾತ್ರದ ಮಾದರಿ ಬೇಕು, ಆಮೇಲೆ ಅದರ ಅಚ್ಚು. ಅಷ್ಟು ಹಣ ಹಾಕಿದವರು ಅದೇ ಅಚ್ಚಿನಿಂದ ಹತ್ತಾರು ದೋಣಿ ತೆಗೆಯಲೇಬೇಕು. ಆಗ ಶರಾವತಿಯ ಅಳಿವೆಗೂ ಕಾಳಿಯ ಅಳಿವೆಗೂ ಒಂದೇ ಆಕಾರ. ಫೋಮ್ ಪಟ್ಟಿಯಲ್ಲಾದರೆ ಆಯಾ ನೀರಿನ ಆಳಕ್ಕೆ, ಅಲೆಗೆ ತಕ್ಕಂತೆ ಒಂದೇ ಒಂದು ದೋಣಿಯನ್ನೂ ಕಟ್ಟಬಹುದು.

ಇನ್ನು ತೂಕ. ಫೈಬರ್ ಹಾಳೆಯೊಂದನ್ನು ಎರಡು ಪದರವಾಗಿ ಬಿಡಿಸಿ, ಒಟ್ಟು ದಪ್ಪ ದುಪ್ಪಟ್ಟಾಗುವಷ್ಟು ಫೋಮ್ ನಡುವೆ ಇಡಿ. ಬಾಗದೆ ನಿಲ್ಲುವ ಬಿಗುವು ಸುಮಾರು 7 ಪಟ್ಟಾಗುತ್ತದೆ. ದಪ್ಪ ನಾಲ್ಕು ಪಟ್ಟಾದರೆ ಬಿಗುವು 37 ಪಟ್ಟು. ದೋಣಿಯ ಫೋಮ್ ಸಾಮಾನ್ಯವಾಗಿ ಘನ ಮೀಟರಿಗೆ 80 ಕಿಲೋ ಆಸುಪಾಸು ತೂಗಿದರೆ, ಗಟ್ಟಿ ಫೈಬರ್ ಗ್ಲಾಸ್ 1,800 ಕಿಲೋ ತೂಗುತ್ತದೆ. ಹಾಗಾಗಿ ಆ ಮೊದಲ 7 ಪಟ್ಟಿಗೆ ಫೋಮ್ ಕೂಡಿಸುವ ತೂಕ ಶೇ. 5ರ ಒಳಗೇ.

ಡೀಸೆಲ್ ದೋಣಿಗೆ ಇದು ಇಂಧನದ ಉಳಿತಾಯ. ಬ್ಯಾಟರಿ ದೋಣಿಗೆ ಇದು ಅಳಿವು ಉಳಿವಿನ ಪ್ರಶ್ನೆ. ಒಡಲು ಭಾರವಾದಷ್ಟೂ ಬ್ಯಾಟರಿ ದೊಡ್ಡದಾಗಬೇಕು. ಬ್ಯಾಟರಿ ದೊಡ್ಡದಾದರೆ ದೋಣಿ ಮತ್ತೆ ಭಾರ. ಕೇರಳದ ವೈಕಂನಲ್ಲಿ 2017ರಿಂದ ಓಡುತ್ತಿರುವ ಸೌರದೋಣಿ 'ಆದಿತ್ಯ' 75 ಜನರನ್ನು ಹೊರುತ್ತದೆ. ಅದರ ಒಡಲು ಫೈಬರಿನದು, ಕಿರಿದಾದ ಜೋಡಿ ಒಡಲು. ಸೂರ್ಯನ ಶಕ್ತಿಯಲ್ಲಿ ಅಷ್ಟು ಜನರನ್ನು ದಾಟಿಸಲು ಉಕ್ಕಿನ ಭಾರ ಹೊತ್ತುಕೊಂಡು ಹೊರಡುವುದು ವಿವೇಕವಲ್ಲ.

ಫೋಮಿಗೆ ದೌರ್ಬಲ್ಯಗಳಿವೆ, ಅವನ್ನು ಮರೆಮಾಚಬಾರದು. ಹೊರಪದರ ತೆಳ್ಳಗಿರುವುದರಿಂದ ಬಂಡೆಯ ಚೂಪು ತಾಗಿದರೆ ತೂತಾಗುತ್ತದೆ. ಅಂಟು ಸರಿಯಾಗಿ ಕೂರದ ಕಡೆ ಪದರ ತಿರುಳಿನಿಂದ ಬಿಟ್ಟುಕೊಳ್ಳುತ್ತದೆ. ಹೊರಗಿನಿಂದ ಕಣ್ಣಿಗೆ ಕಾಣದು, ತಟ್ಟಿ ಸದ್ದು ಕೇಳಿಯೇ ಹಿಡಿಯಬೇಕು. ಪಿವಿಸಿ ಫೋಮ್ ಬಿಸಿಗೆ ಮೆದುವಾಗುವುದರಿಂದ ನಮ್ಮ ಬಿಸಿಲಿಗೆ ಗಾಢ ಬಣ್ಣದ ಡೆಕ್ ಸಲ್ಲದು. ಬೋಲ್ಟ್ ಬರುವ ಜಾಗದಲ್ಲಿ ಫೋಮ್ ತೆಗೆದು ಗಟ್ಟಿ ತಿರುಳು ತುಂಬದಿದ್ದರೆ ಬಿಗಿದಾಗ ಒಡಲು ಜಜ್ಜಿಹೋಗುತ್ತದೆ, ತೂತಿನಿಂದ ನೀರೂ ಇಳಿಯುತ್ತದೆ. ಆಯಸ್ಸು ಮುಗಿದ ಫೈಬರ್ ಒಡಲನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಜಗತ್ತಿನ ಯಾವ ಯಾರ್ಡೂ ತೃಪ್ತಿಕರ ಉತ್ತರ ಕೊಟ್ಟಿಲ್ಲ. ಬಳಸಿ ಎಸೆದ ನೀರಿನ ಬಾಟಲಿಗಳಿಂದ ತಯಾರಾಗುವ ಪಿಇಟಿ ಫೋಮ್ ಬಂದಿರುವುದು ಸಣ್ಣ ಸಮಾಧಾನವಷ್ಟೇ.

ಮೀನುಗಾರಿಕೆಯ ದೋಣಿಗೆ ಇದನ್ನು ನಾಳೆಯೇ ತನ್ನಿ ಎನ್ನುವುದು ಸರಿಯಲ್ಲ. ಬಲೆ, ಮಂಜುಗಡ್ಡೆ, ದಂಡೆಗೆ ದಿನವೂ ಉಜ್ಜುವ ಹೊಡೆತ ತಾಳಲು ಅಲ್ಲಿ ದಪ್ಪ ಫೈಬರೇ ಮೇಲು. ಮೊದಲ ಸರದಿ ನದಿ, ಹಿನ್ನೀರಿನ ಪ್ರಯಾಣಿಕ ದೋಣಿಗಳದು. ಇದಕ್ಕೆ ಕೋಟಿಗಟ್ಟಲೆ ಯೋಜನೆ ಬೇಕಿಲ್ಲ. ಕರಾವಳಿಯ ಐಟಿಐಗಳಲ್ಲಿ ಈ ಕೆಲಸ ಕಲಿಸುವ ಒಂದು ಶೆಡ್ ಸಾಕು. ಜೊತೆಗೆ ಸರ್ಕಾರ ದೋಣಿಗೆ ಟೆಂಡರ್ ಕರೆಯುವಾಗ ಉದ್ದ, ಆಸನಗಳ ಸಂಖ್ಯೆಯ ಪಕ್ಕದಲ್ಲೇ ಖಾಲಿ ದೋಣಿಯ ಗರಿಷ್ಠ ತೂಕವನ್ನೂ ಬರೆಯಲಿ. ಹಸ್ತಾಂತರದ ದಿನ ಅದನ್ನು ತೂಗಿ ನೋಡಿದ ಮೇಲೆಯೇ ಹಣ ಪಾವತಿಸಲಿ.