ಉಕ್ತಲೇಖನದ ಪಾಠವನ್ನು ಮರೆತವರು



ಕೂಡ್ಲಿಗಿ ಸೀಮೆಯಲ್ಲಿ ನನ್ನ ಬಳಿ ಉಕ್ತಲೇಖನ ಬರೆದವರಿಗೆ ಒಂದು ಪ್ರಸಂಗ ನೆನಪಿರಬಹುದು. ನಾನು ‘ಪೂರ್ಣವಿರಾಮ’ ಎಂದಾಗ ಎಲ್ಲರೂ ಚುಕ್ಕೆ ಇಟ್ಟರೆ, ಹೊಸದಾಗಿ ಸೇರಿದ್ದ ಹುಡುಗನೊಬ್ಬ ಆ ಪದವನ್ನೇ ಬರೆದಿದ್ದ. ತರಗತಿಯೆಲ್ಲ ನಕ್ಕಿತು, ನಾನು ನಗಲಿಲ್ಲ. ಗುರು ಆಡಿದ ಮಾತು ಬರೆಯಬೇಕಾದ ಪಾಠವೋ, ಬರೆಯುವವನಿಗೆ ಕೊಟ್ಟ ಸೂಚನೆಯೋ ಎಂಬ ಸಂದೇಹ ನ್ಯಾಯವಾದದ್ದೇ ಆಗಿತ್ತು. ಅಂದಿನಿಂದ ಆ ಪದವನ್ನೇ ಬರೆಸಬೇಕಾದಾಗ ‘ಅಕ್ಷರದಲ್ಲಿ ಬರೆಯಿರಿ’ ಎಂದು ಮೊದಲೇ ಹೇಳುವ ರೂಢಿ ಮಾಡಿಕೊಂಡೆ.

ಈ ಹಳೆಯ ಸಂಗತಿಯನ್ನು ಈಗ ಎತ್ತಲು ಕಾರಣವಿದೆ. ಹಗರಿಬೊಮ್ಮನಹಳ್ಳಿಯ ಕಡೆ ಶಿಕ್ಷಕಿಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಕ್ಕಳಿಗಾಗಿ ಕಂಪ್ಯೂಟರ್ ಪಾಠವೊಂದನ್ನು ಇಪಬ್ ಮಾದರಿಯ ಇ-ಪುಸ್ತಕವಾಗಿ ಸಿದ್ಧಪಡಿಸಿದಳು. ಅದರಲ್ಲಿ ‘ಅಂಕ < 35 ಆದರೆ ಅನುತ್ತೀರ್ಣ’ ಎಂಬ ಸಾಲಿತ್ತು. ಪುಟ ತೆರೆಯಲೇ ಇಲ್ಲ. ತಿಳಿದವರೆನಿಸಿಕೊಂಡ ಒಬ್ಬರು ‘ಆ ಚಿಹ್ನೆ ಯಂತ್ರಕ್ಕೆ ಒಗ್ಗದು’ ಎಂದು ಅದನ್ನು ತಿರುಗಿಸಿ ‘>’ ಮಾಡಿಕೊಟ್ಟರು. ಪುಟವೇನೋ ತೆರೆಯಿತು. ಆದರೆ 34 ಅಂಕದವನು ತೇರ್ಗಡೆಯಾದ, 90 ಅಂಕದವಳು ಅನುತ್ತೀರ್ಣಳಾದಳು! ಆ ಪಾಠ ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ಮಕ್ಕಳ ಮೊಬೈಲುಗಳಿಗೂ ಹೋಗಿತ್ತು. ‘ಎಷ್ಟು ಸಲ ಓದಿದರೂ ತಿಳಿಯುತ್ತಿಲ್ಲ ಮಿಸ್, ನಾನೇ ದಡ್ಡಿ’ ಎಂದು ಬಾಲಕಿಯೊಬ್ಬಳು ಅತ್ತಳಂತೆ. ದಡ್ಡತನ ಯಾರದು?

ಇಪಬ್‌ನ ಪುಟಗಳು ಎಕ್ಸ್‌ಎಂಎಲ್ ನಿಯಮಕ್ಕೆ ಒಳಪಟ್ಟವು. 1998ರ ಫೆಬ್ರವರಿಯಲ್ಲಿ ಪ್ರಕಟವಾದ ಆ ನಿಯಮದಲ್ಲಿ ‘<’ ಮತ್ತು ‘&’ ಎರಡೂ ಸೂಚನೆಯ ಚಿಹ್ನೆಗಳು. ಮೊದಲನೆಯದು ಟ್ಯಾಗಿನ ಆರಂಭ. ಎರಡನೆಯದು ಬದಲಿ ಸಂಕೇತದ ಆರಂಭ. ಅವನ್ನು ಪಾಠದ ಅಂಗವಾಗಿಯೇ ತೋರಿಸಬೇಕಾದರೆ ‘ಅಕ್ಷರದಲ್ಲಿ’ ಬರೆಯಬೇಕು: ‘<’ ಬದಲು &#60; ಎಂದು, ‘&’ ಬದಲು &#38; ಎಂದು. ಇಷ್ಟೇ ವಿದ್ಯೆ. ಮೊದಲು ‘&’ ಬದಲಿಸಿ, ಆಮೇಲೆ ‘<’ ಬದಲಿಸಬೇಕು; ಕ್ರಮ ತಪ್ಪಿದರೆ ಬದಲಿ ಸಂಕೇತದೊಳಗಿನ ‘&’ ಕೂಡ ಮತ್ತೊಮ್ಮೆ ಬದಲಾಗಿ, ಓದುಗನಿಗೆ ಅರ್ಥವಿಲ್ಲದ ಅಂಕಿಗಳು ಕಾಣುತ್ತವೆ.

‘ಚಿಹ್ನೆಯನ್ನೇ ಬಿಟ್ಟುಬಿಡಿ’ ಎನ್ನುವವರನ್ನು ನಾನು ಕೇಳುತ್ತೇನೆ: ಅಸಮತೆಯ ಚಿಹ್ನೆಯಿಲ್ಲದೆ ಗಣಿತವನ್ನು ಹೇಗೆ ಕಲಿಸುತ್ತೀರಿ? ‘ಚಿತ್ರವಾಗಿ ಅಂಟಿಸಿ’ ಎನ್ನುವವರಿದ್ದಾರೆ. ಚಿತ್ರದೊಳಗಿನ ಸಾಲನ್ನು ಮಗು ನಕಲಿಸಿ ಓಡಿಸಿ ನೋಡಲಾರದು. ಅಂಧ ವಿದ್ಯಾರ್ಥಿಯ ತಂತ್ರಾಂಶಕ್ಕೆ ಅದು ಪಠ್ಯವಾಗಿ ಸಿಗದು. ‘ಸಿಡೇಟಾ ವಿಭಾಗದೊಳಗೆ ಇಟ್ಟರಾಯಿತು’ ಎನ್ನುವವರ ಮಾತಿನಲ್ಲಿ ಸತ್ಯವಿದೆ, ಆದರೆ ಅರ್ಧಸತ್ಯ. ‘]]>’ ಎಂಬ ಮೂರು ಚಿಹ್ನೆಗಳು ಒಟ್ಟಿಗೆ ಬಂದಲ್ಲಿ ಆ ವಿಭಾಗ ಮುಗಿದುಹೋಗುತ್ತದೆ, ಮತ್ತು ‘ಪಟ್ಟಿ[ಕ್ರಮ[0]]>35’ ಎಂಬಂಥ ಸಾಲು ಪ್ರೋಗ್ರಾಮಿನಲ್ಲಿ ಸಹಜವಾಗಿಯೇ ಬರುತ್ತದೆ. ಮೇಲಾಗಿ ಸಾಮಾನ್ಯ ಎಚ್‌ಟಿಎಂಎಲ್ ಪುಟದ ಪಠ್ಯದಲ್ಲಿ ಸಿಡೇಟಾಕ್ಕೆ ಮನ್ನಣೆಯಿಲ್ಲ.

‘ಈಗ ತಂತ್ರಾಂಶವೇ ಎಲ್ಲ ಮಾಡುತ್ತದೆ’ ಎಂಬುದು ಇನ್ನೊಂದು ವಾದ. ಅನೇಕ ಕಡೆ ಮಾಡುತ್ತದೆ, ಒಪ್ಪಿದೆ. ಆದರೆ ಕೈಯಾರೆ ಪುಟ ಜೋಡಿಸುವವನಿಗೆ ಈ ತಿಳಿವು ಬೇಡವೇ? ಕನ್ನಡಿಗರಿಗಂತೂ ಇನ್ನೊಂದು ಕಾರಣಕ್ಕೆ ಬೇಕು. ‘ರಾಜ್‌ಕುಮಾರ್’ ಎಂಬಲ್ಲಿ ‘ಕ’ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರವೊಂದಿದೆ. ಎಚ್‌ಟಿಎಂಎಲ್‌ನಲ್ಲಿ ಅದನ್ನು ಹೆಸರು ಹಿಡಿದು ಕರೆಯಬಹುದು. ಎಕ್ಸ್‌ಎಂಎಲ್ ತಾನಾಗಿ ಬಲ್ಲ ಹೆಸರುಗಳು ಐದೇ, ಅವುಗಳಲ್ಲಿ ಇದಿಲ್ಲ. ಅಲ್ಲಿ &#8204; ಎಂದು ಸಂಖ್ಯೆಯಿಂದಲೇ ಬರೆಯಬೇಕು. ಕಾಣದ್ದೆಂದು ಕಿತ್ತೆಸೆದರೆ ‘ರಾಜ್ಕುಮಾರ್’ ಆಗುತ್ತದೆ.

ಒಂದು ತಪ್ಪಿಗೆ ಇಡೀ ಪುಟವನ್ನು ತಡೆಯುವ ಎಕ್ಸ್‌ಎಂಎಲ್ ಕ್ರೂರವೆಂದು ಕೆಲವರು ದೂರುತ್ತಾರೆ. ನನಗೆ ಹಾಗೆನಿಸುವುದಿಲ್ಲ. ತಪ್ಪನ್ನು ತಪ್ಪೆಂದು ಅಲ್ಲಿಯೇ ನಿಲ್ಲಿಸಿದ್ದು ಅದು. ತಪ್ಪನ್ನು ಮುಚ್ಚಿ ಅರ್ಥವನ್ನೇ ತಿರುವಿದವರು ನಾವು. ಬೆಂಗಳೂರಿನಲ್ಲೂ ಹೊರದೇಶಗಳಲ್ಲೂ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಶಿಷ್ಯರಲ್ಲಿ ಒಂದೇ ಕೋರಿಕೆ: ಊರಿನ ಶಿಕ್ಷಕರು ಸಹಾಯ ಕೇಳಿದಾಗ ಹೇಗೋ ಪುಟ ತೆರೆಯುವಂತೆ ಮಾಡಿ ಕೈತೊಳೆದುಕೊಳ್ಳಬೇಡಿ. ಐದು ನಿಮಿಷ ಕುಳಿತು ಈ ಕ್ರಮವನ್ನು ಹೇಳಿಕೊಡಿ. ಆ ಬಾಲಕಿ ಮತ್ತೆ ತನ್ನನ್ನು ದಡ್ಡಿ ಎಂದುಕೊಳ್ಳುವಂತಾಗಬಾರದು.