ಮಕ್ಕಳ ಆಧಾರ್ ಕೂಡ ಅಮಾನತ್

ನಾನು ಪಾಠ ಹೇಳುವ ಮದ್ದೂರು ತಾಲೂಕಿನ ಶಿವಪುರದಲ್ಲಿ ಮೊನ್ನೆ ಒಬ್ಬ ತಾಯಿ ಸ್ಕಾಲರ್‌ಶಿಪ್‌ಗೆಂದು ಮಗನ ಆಧಾರ್, ಪಾಸ್‌ಬುಕ್ಕಿನ ಫೋಟೋವನ್ನು ವಾಟ್ಸಾಪ್ ಗ್ರೂಪಿಗೇ ಹಾಕಿಬಿಟ್ಟರು. ತಪ್ಪು ಅವರದಲ್ಲ, ಗ್ರೂಪಿನಲ್ಲಿ ಕೇಳಿದವನು ನಾನೇ. ಕೂಡಲೇ ಅಳಿಸಿಸಿದೆ.

ಹೆದರಿಕೆಗೆ ಕಾರಣವಿದೆ. ಅಲ್ಪಸಂಖ್ಯಾತರ ಕೇಂದ್ರ ವಿದ್ಯಾರ್ಥಿವೇತನದ ಬಗ್ಗೆ ದೇಶಾದ್ಯಂತ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830ರಲ್ಲಿ ನಕಲಿ ವ್ಯವಹಾರ ಸಿಕ್ಕಿತು. 144 ಕೋಟಿ ರೂಪಾಯಿಗೂ ಹೆಚ್ಚು ನಷ್ಟ. 2023ರಲ್ಲಿ ಸಿಬಿಐ ಕೇಸು ದಾಖಲಿಸಿತು. ನಮ್ಮ ಮಕ್ಕಳ ಹಕ್ಕಿನ ಹಣ ಅದು!

ದೊಡ್ಡವರ ಹಣ ಹೋದರೆ ಮೆಸೇಜಾದರೂ ಬರುತ್ತದೆ. ಮಗುವಿನ ಹೆಸರು ಕದ್ದರೆ ತಿಳಿಯುವುದು ಎಷ್ಟೋ ವರ್ಷದ ಮೇಲೆ, ಅರ್ಜಿ ಹಾಕುವಾಗ.

ಆದ್ದರಿಂದ ಉಮ್ಮ-ಉಪ್ಪಂದಿರೇ, ಸಾಧ್ಯವಾದಲ್ಲೆಲ್ಲ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಜೆರಾಕ್ಸ್ ಮೇಲೆ ಯಾವ ಕೆಲಸಕ್ಕೆಂದು ಬರೆದು ತಾರೀಕು ಹಾಕಿ. ಬಯೋಮೆಟ್ರಿಕ್ ಲಾಕ್ ಮಾಡಿಸಿ. ಒಟಿಪಿ ಯಾರಿಗೂ ಹೇಳಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ, ಆಧಾರ್ ದುರ್ಬಳಕೆಯಾದರೆ 1947ಕ್ಕೆ ಫೋನ್ ಮಾಡಿ. ಮಗುವಿನ ಹೆಸರಲ್ಲಿ ಬೇರೆ ಅರ್ಜಿ ಕಂಡರೆ ಶಾಲೆಗೂ ಪೊಲೀಸರಿಗೂ ಬರೆದು ಕೊಟ್ಟು ದೂರಿನ ಪ್ರತಿ ಇಟ್ಟುಕೊಳ್ಳಿ.

ಉಸ್ತಾದರಿಗೂ ಕಮಿಟಿಯವರಿಗೂ ಒಂದು ಮಾತು: ದಾಖಲೆಯನ್ನು ಕೈಯಲ್ಲಿ ಪಡೆಯೋಣ, ಕೆಲಸ ಮುಗಿದ ಮೇಲೆ ಹಿಂತಿರುಗಿಸೋಣ. ಅಮಾನತ್ ಅಂದರೆ ಅಷ್ಟೇ ಅಲ್ವಾ?